ಸಂಪಿಗೆಕುದ್ರುವಿನ ನೀರು

"ಅಜ್ಜೀ, ಎರಡೇ ದಿನ. ಈ ಬಾನಿಗಳನ್ನ ಹಿತ್ಲಲ್ಲಿ ಇಟ್ಬುಡಾಣ."

"ಯಾಕೆ? ಅವು ನಿಂಗೇನ್ ಮಾಡಿದ್ವು?"

ಶಿವಲಕ್ಷ್ಮಿ ಸೊಂಟದ ಮೇಲೆ ಕೈ ಇಟ್ಟುಕೊಂಡು ಅಡುಗೆಮನೆಯ ಬಾಗಿಲಲ್ಲಿ ನಿಂತಿದ್ದಳು. ಅವಳ ಅಜ್ಜಿ ಕದರಮ್ಮ ಸೊಪ್ಪು ಬಿಡಿಸುತ್ತ ಕೂತಿದ್ದಳು. ಇಬ್ಬರ ನಡುವೆ ಮೂರು ಬಾನಿಗಳು ಗೋಡೆಯ ಪಕ್ಕ ಸಾಲಾಗಿದ್ದವು.

ಮೊದಲನೆಯದು ಅಕ್ಕಿ, ಸೊಪ್ಪು ತೊಳೆದ ನೀರಿಗೆ. ಅದು ಎಮ್ಮೆಯ ಪಾಲು. ಎರಡನೆಯದು ಕೈ, ಮುಖ ತೊಳೆದ ನೀರಿಗೆ. ಅದು ಹಿತ್ತಲಿನ ಕನಕಾಂಬರದ ಪಾಲು. ಮೂರನೆಯದು ಬೂದಿ ಹಾಕಿ ಪಾತ್ರೆ ತಿಕ್ಕಿದ ನೀರಿಗೆ. ಅದು ನುಗ್ಗೆಮರಕ್ಕೆ. ಒಂದೇ ಸಲ ಬಳಸಿ ನೀರು ಚೆಲ್ಲುವುದೂ ಅರ್ಧ ತಿಂದು ರೊಟ್ಟಿ ಎಸೆಯುವುದೂ ಅಜ್ಜಿಯ ಲೆಕ್ಕದಲ್ಲಿ ಒಂದೇ.

"ಬರೋಳು ಸಮುದ್ರದ ಕಡೆಯೋಳು ಅಜ್ಜಿ. ಅವ್ರಿಗೆ ನೀರು ಅಂದ್ರೆ ಲೆಕ್ಕಕ್ಕೇ ಇಲ್ಲ. ಇವನ್ನ ನೋಡಿ ನಗ್ತಾಳೆ."

"ನಗ್ಲಿ ಬುಡು. ನಕ್ರೆ ಬಾನಿ ಒಡ್ದೋಯ್ತದಾ?" ಎಂದು ಅಜ್ಜಿ ಸೊಪ್ಪಿನ ಕಡೆ ತಿರುಗಿದಳು. ಅಜ್ಜಿ ಹಾಗೆ ತಿರುಗಿದಳೆಂದರೆ ಮಾತು ಮುಗಿಯಿತು ಎಂದೇ ಅರ್ಥ.

ಶಿವಿಯ ಊರು ಪಾವಗಡದ ಆಚೆ, ವಳ್ಳೂರಿಗೆ ಹತ್ತಿರ. ಊರಿನ ಸುತ್ತ ಎತ್ತ ನೋಡಿದರೂ ಸೋಲಾರ್ ಪ್ಯಾನೆಲ್. ಅವಳ ಅಮ್ಮ ಮಂಜಮ್ಮ ಆ ಪ್ಯಾನೆಲ್‌ಗಳ ಕೆಳಗೆ ಹುಲ್ಲು ಕೊಯ್ಯುವ ಕೆಲಸಕ್ಕೆ ಹೋಗುತ್ತಾಳೆ. ಶಿವಿಯ ಐದನೇ ಕ್ಲಾಸಿನ ಯಶಸ್ವಿನಿ ಮಿಸ್‌ಗೆ ಒಬ್ಬ ಗೆಳತಿ ಇದ್ದಾರೆ. ಅವರು ಸಮುದ್ರದ ಕಡೆ, ಸಂಪಿಗೆಕುದ್ರು ಎನ್ನುವಲ್ಲಿ ಟೀಚರ್. ಅಲ್ಲಿನ ಮಕ್ಕಳು ಸೋಲಾರ್ ಪಾರ್ಕ್ ನೋಡಲು ಬರುತ್ತಾರೆ, ಒಬ್ಬೊಬ್ಬರು ಒಂದೊಂದು ಮನೆಯಲ್ಲಿ ಎರಡು ದಿನ ಇರುತ್ತಾರೆ ಎಂದು ಮಿಸ್ ಹೇಳಿದಾಗ, ಶಿವಿಯ ಪಕ್ಕದಲ್ಲಿದ್ದ ಅಶ್ವಿನಿ ಕೈ ಎತ್ತಿದ್ದಳು.

"ಮಿಸ್, ಅವ್ರು ಕುದುರೆ ಮೇಲೆ ಬರ್ತಾರಾ?"

ಕ್ಲಾಸೆಲ್ಲ ನಕ್ಕಿತ್ತು. ಕುದ್ರು ಅಂದರೆ ಕುದುರೆಯಲ್ಲ, ಹೊಳೆ ಸಮುದ್ರಕ್ಕೆ ಸೇರುವ ಜಾಗದಲ್ಲಿ ನಡುನೀರಿನಲ್ಲಿ ಇರುವ ದ್ವೀಪ ಎಂದು ಮಿಸ್ ಬೋರ್ಡಿನ ಮೇಲೆ ಚಿತ್ರ ಬರೆದು ತೋರಿಸಿದ್ದರು. ಸುತ್ತ ನೀರು, ನಡುವೆ ಒಂದಿಷ್ಟು ತೆಂಗಿನಮರ, ಒಂದಿಷ್ಟು ಮನೆ, ಹೋಗಿಬರಲು ದೋಣಿ. ಸುತ್ತ ನೀರು ಎನ್ನುವುದೊಂದೇ ಶಿವಿಯ ತಲೆಯಲ್ಲಿ ಉಳಿದಿತ್ತು.

ಸಂಜೆ ನಾಲ್ಕಕ್ಕೆ ಸ್ಕೂಲಿನ ಮುಂದೆ ಬಸ್ಸು ನಿಂತಿತು. ಶಿವಿಯ ಪಾಲಿಗೆ ಬಂದವಳು ನಿಶ್ಮಿತಾ. ಸಣಕಲು ಹುಡುಗಿ, ಎರಡು ಜಡೆ, ಬೆನ್ನಿಗೊಂದು ಬ್ಯಾಗು. ಕೈಯಲ್ಲಿ ಐದು ಲೀಟರಿನ ಒಂದು ಕ್ಯಾನು. ಭಾರಕ್ಕೆ ಅವಳು ಹತ್ತು ಹೆಜ್ಜೆಗೊಮ್ಮೆ ಕೈ ಬದಲಾಯಿಸುತ್ತಿದ್ದಳು.

"ಕೊಡು, ನಾನ್ ಹಿಡ್ಕತೀನಿ."

"ಬೇಡ. ಇದು ನಾನೇ ತರಬೇಕು," ಎಂದಳು ನಿಶ್ಮಿತಾ.

ಕೊಬ್ಬರಿ ಎಣ್ಣೆ ಇರಬೇಕು ಅಂದುಕೊಂಡಳು ಶಿವಿ. ಸಮುದ್ರದ ಕಡೆಯವರು ಎಣ್ಣೆ ತರದೆ ಇನ್ನೇನು ತರುತ್ತಾರೆ?

ಮನೆಯ ಬಾಗಿಲಲ್ಲಿ ಅಜ್ಜಿ ಚೊಂಬು ಹಿಡಿದು ನಿಂತಿದ್ದಳು. ಆ ಊರಿನಲ್ಲಿ ಅದೇ ಪದ್ಧತಿ. ಮನೆಗೆ ಬಂದವರನ್ನು ನೀರು ಬೇಕಾ ಎಂದು ಕೇಳುವುದಿಲ್ಲ. ಮೊದಲು ಚೊಂಬು ಕೈಗೆ ಕೊಡಬೇಕು, ಹೆಸರು, ಊರು ಎಲ್ಲ ಆಮೇಲೆ.

"ಬಾರಮ್ಮ. ತಕಾ, ಮಂಚಿನೀಳ್ಳು," ಎಂದಳು ಅಜ್ಜಿ. ಕುಡಿಯುವ ನೀರಿಗೆ ಅಜ್ಜಿ ಹೇಳುವುದೇ ಹಾಗೆ. ತೆಲುಗಿನಲ್ಲಿ ಒಳ್ಳೆಯ ನೀರು ಎಂದು ಅರ್ಥ.

ನಿಶ್ಮಿತಾ ಚೊಂಬು ಹಿಡಿಯಲಿಲ್ಲ. ಕ್ಯಾನನ್ನು ಎರಡೂ ಕೈಯಲ್ಲಿ ಎತ್ತಿ ಜಗಲಿಯ ಮೇಲೆ ಇಟ್ಟಳು.

"ಬೇಡ ಅಜ್ಜಿ. ನಾನು ನೀರು ತಂದಿದ್ದೇನೆ."

ಚಾಚಿದ ಅಜ್ಜಿಯ ಕೈ ಅಲ್ಲೇ ನಿಂತಿತು. ಆಮೇಲೆ ಮೆಲ್ಲಗೆ ಹಿಂದೆ ಬಂತು.

"ಅಂಗಾ. ಆಗ್ಲಿ ಬುಡು, ಒಳೀಕ್ ಬಾ," ಎಂದು ಅಜ್ಜಿ ಚೊಂಬಿನೊಂದಿಗೆ ಒಳಗೆ ಹೋದಳು.

ಶಿವಿಯ ಕಿವಿ ಬಿಸಿಯಾಯಿತು. ಇಂಥದ್ದನ್ನು ಅವಳು ಮೊದಲೂ ನೋಡಿದ್ದಳು. ಊರಿಗೆ ಜೀಪಿನಲ್ಲಿ ಬರುವ ದೊಡ್ಡವರು ಕೈಯಲ್ಲಿ ಬಾಟಲಿ ಹಿಡಿದೇ ಇಳಿಯುತ್ತಿದ್ದರು. ಜಗಲಿಯ ಮೇಲೆ ಕೂರುತ್ತಿದ್ದರು, ಅಜ್ಜಿಯ ಚೊಂಬನ್ನು ಮಾತ್ರ ಮುಟ್ಟುತ್ತಿರಲಿಲ್ಲ. ಅವರು ಹೋದ ಮೇಲೆ ಅಜ್ಜಿ, "ನೀರು ಮುಟ್ಲಿಲ್ಲ ಅಂದ್ರೆ ನಮ್ಮನ್ನೇ ಮುಟ್ಲಿಲ್ಲ ಅಂದಂಗೆ," ಎನ್ನುತ್ತ ಆ ನೀರನ್ನು ಗಿಡಕ್ಕೆ ಹಾಕುತ್ತಿದ್ದಳು. ದೊಡ್ಡವರು ಹಾಗೆ ಮಾಡಿದರೆ ಏನು ಮಾಡುವುದಕ್ಕಾಗುತ್ತದೆ? ಆದರೆ ಇವಳು ಐದನೇ ಕ್ಲಾಸಿನವಳು. ಇವಳಿಗೂ ಅಷ್ಟು ಜಂಬವಾ?

ಬೆಳಗ್ಗೆಯೆಲ್ಲ ಅಜ್ಜಿಯ ಬಾನಿಗಳಿಗೆ ನಾಚಿಕೊಂಡಿದ್ದ ಹುಡುಗಿಗೆ ಈಗ ಅಜ್ಜಿಯ ಚೊಂಬಿಗಾಗಿ ಅಳು ಬರುವಷ್ಟು ಸಿಟ್ಟು ಬಂದಿತ್ತು.

ಅಮ್ಮ ನಿಶ್ಮಿತಾಳನ್ನು ಎಮ್ಮೆಯ ಕರು ತೋರಿಸಲು ಕೊಟ್ಟಿಗೆಗೆ ಕರೆದುಕೊಂಡು ಹೋದಳು. ಅಜ್ಜಿ ಸೊಪ್ಪು ಬೇಯಿಸಲು ಒಲೆಯ ಮುಂದೆ ಕೂತಳು. ಶಿವಿ ಕ್ಯಾನನ್ನು ಎತ್ತಿಕೊಂಡು ಸದ್ದಿಲ್ಲದೆ ಹಿತ್ತಲಿಗೆ ನಡೆದಳು. ಮುಚ್ಚಳ ತಿರುಗಿಸಿದಳು. ಬಗ್ಗಿಸಿದಳು.

ಗಳಗಳ ಎಂದು ನೀರು ನೆಲಕ್ಕೆ ಬಿತ್ತು. ಬರೀ ನೆಲ, ಗಿಡವೂ ಇರಲಿಲ್ಲ. ಮಣ್ಣು ಅಷ್ಟನ್ನೂ ಕುಡಿದುಬಿಟ್ಟಿತು. ಕಪ್ಪಗೆ ಒಂದು ಒದ್ದೆ ಗುರುತು ಉಳಿಯಿತು.

ಆಮೇಲೆ ಹಿಂದಿನ ಬಾಗಿಲಿನಿಂದ ಒಳಗೆ ಬಂದು, ನಡುಮನೆಯ ಮೂಲೆಯಲ್ಲಿದ್ದ ಮಡಕೆಯಿಂದ ಚೊಂಬು ಚೊಂಬಾಗಿ ನೀರು ತೆಗೆದು ಕ್ಯಾನು ತುಂಬಿಸಿದಳು. ಅಮ್ಮ ಫಿಲ್ಟರ್ ಪ್ಲಾಂಟಿನಿಂದ ತರುವ ನೀರು ಅದು. ಅಜ್ಜಿ ಅದನ್ನು ಮಡಕೆಗೆ ಹುಯ್ದು ಲಾವಂಚದ ಬೇರು ಹಾಕಿಡುತ್ತಿದ್ದಳು.

'ನಮ್ಮ ನೀರು ಬೇಡ್ವಾ? ಕುಡೀತಿಯ ತಾಳು, ನಿಂಗೆ ಗೊತ್ತೇ ಆಗ್ದಂಗೆ,' ಎಂದು ಮನಸ್ಸಿನಲ್ಲೇ ಹೇಳಿಕೊಂಡು ಮುಚ್ಚಳ ಬಿಗಿ ಮಾಡಿದಳು. ಕ್ಯಾನು ಮತ್ತೆ ಜಗಲಿಯ ಮೇಲೆ ಬಂತು. ಏನೋ ದೊಡ್ಡ ಯುದ್ಧ ಗೆದ್ದಷ್ಟು ಸಂತೋಷವಾಯಿತು ಅವಳಿಗೆ.

ಆ ಸಂತೋಷ ಕಾಲು ಗಂಟೆಯೂ ಬಾಳಲಿಲ್ಲ.

ಕೊಟ್ಟಿಗೆಯಿಂದ ಬಂದ ನಿಶ್ಮಿತಾ ಕೈ ತೊಳೆಯಲು ಬಂದಳು. ಶಿವಿ ನೀರು ಹಾಕಿದಳು. ನಿಶ್ಮಿತಾ ಮೂರೂ ಬಾನಿಗಳ ಒಳಗೆ ಇಣುಕಿ ನೋಡಿದಳು. ಈಗ ನಗುತ್ತಾಳೆ ಎಂದು ಶಿವಿ ಕಾದಳು. ನಿಶ್ಮಿತಾ ಎರಡನೆಯ ಬಾನಿಯ ಮೇಲೆ ಕೈ ಹಿಡಿದು ತೊಳೆದುಕೊಂಡಳು.

"ನಿಂಗೆ ಹೆಂಗೆ ಗೊತ್ತಾಯ್ತು?"

"ಮೊದಲನೇದರಲ್ಲಿ ಅಕ್ಕಿ ತೊಳೆದ ನೀರು ಉಂಟಲ್ವಾ? ಮೂರನೇದರಲ್ಲಿ ಬೂದಿ. ಹಾಗಾದ್ರೆ ಕೈ ತೊಳೆದದ್ದು ಇದಕ್ಕೆ. ನಮ್ಮಲ್ಲಿಯೂ ಹೀಗೇ. ಮೀನು ತೊಳೆದ ನೀರಿಗೆ ಬೇರೆ ಬಾಲ್ದಿ. ಅದು ತೆಂಗಿನಮರಕ್ಕೆ."

"ನಿಮ್ಗೆ ಯಾಕೆ? ಸುತ್ತ ನೀರೇ ಐತಲ್ಲ."

"ಸುತ್ತ ಇರುವುದು ಉಪ್ಪು ಮಾರಾಯ್ತಿ. ಕುಡಿಯುವುದಕ್ಕೆ ಆಗ್ತದಾ? ಮಳೆಗಾಲದಲ್ಲಿ ಬಾವಿ ನೀರು ಒಳ್ಳೇದೇ ಇರ್ತದೆ. ಶಿವರಾತ್ರಿ ಆದ್ಮೇಲೆ ಅದೂ ಉಪ್ಪು. ಆಮೇಲೆ ಆಚೆ ದಡದಿಂದ ದೋಣಿಯಲ್ಲಿ ಬರ್ಬೇಕು. ಎರಡು ದಿನಕ್ಕೆ ಒಂದ್ಸಲ, ಮನೆಗೆ ನಾಲ್ಕು ಕೊಡ."

ಶಿವರಾತ್ರಿ ಕಳೆದು ಎರಡು ವಾರವಾಗಿತ್ತು. ಶಿವಿ ಜಗಲಿಯ ಕಡೆ, ಕ್ಯಾನು ಇದ್ದಲ್ಲಿಗೆ ತಿರುಗಿ ನೋಡಿದಳು.

ದೀಪ ಹಚ್ಚುವ ಹೊತ್ತಿಗೆ ಊಟಕ್ಕೆ ಕೂತರು. ಮುದ್ದೆ, ಹುರುಳಿಕಾಳಿನ ಬಸ್ಸಾರು. ನಿಶ್ಮಿತಾ ಮುದ್ದೆಯನ್ನು ಬಾಯಲ್ಲಿಟ್ಟು ಅಗಿದಳು, ಇನ್ನೂ ಅಗಿದಳು. ಅದು ಹಲ್ಲಿಗೆಲ್ಲ ಮೆತ್ತಿಕೊಂಡು ಮಾತೇ ಹೊರಡದಂತಾಯಿತು.

"ಅಗೀಬಾರ್ದು ಕಣಮ್ಮ, ನುಂಗ್ಬೇಕು," ಎಂದು ಅಮ್ಮ ನಕ್ಕಳು. ಅಜ್ಜಿಯೂ ನಕ್ಕಳು. ಆದರೂ ಅಜ್ಜಿ ನಿಶ್ಮಿತಾಳ ತಟ್ಟೆಯ ಪಕ್ಕದಲ್ಲಿ ನೀರಿನ ಲೋಟ ಇಟ್ಟಿರಲಿಲ್ಲ. ಮತ್ತೊಮ್ಮೆ ಬೇಡ ಅನ್ನಿಸಿಕೊಳ್ಳುವುದು ಅವಳಿಗೆ ಬೇಕಿರಲಿಲ್ಲ.

ನಿಶ್ಮಿತಾ ಎದ್ದು ಹೋಗಿ ಜಗಲಿಯಿಂದ ಕ್ಯಾನು ತಂದಳು. "ನಾಲ್ಕು ಲೋಟ ಕೊಡ್ತೀರಾ?" ಎಂದು ಅಮ್ಮನನ್ನು ಕೇಳಿದಳು. ನಾಲ್ಕಕ್ಕೂ ಒಂದು ಹನಿ ಚೆಲ್ಲದೆ ನೀರು ಬಗ್ಗಿಸಿದಳು. ಮೊದಲ ಲೋಟವನ್ನು ಅಜ್ಜಿಯ ಮುಂದೆ ಇಟ್ಟಳು.

"ಬಂದ ಕೂಡಲೇ ಕೊಡಬೇಕಿತ್ತು ಅಜ್ಜಿ. ನಂಗೆ ನಾಚಿಕೆ ಆಯ್ತು. ನಮ್ಮ ಕುದ್ರುವಿನಲ್ಲಿ ಬೇಸಿಗೆಗೆ ಯಾರ ಮನೆಗೆ ಹೋದ್ರೂ ನೀರು ತಕ್ಕೊಂಡು ಹೋಗ್ಬೇಕು. ನಾವು ಹೋಗಿ ಅವರ ಕೊಡ ಖಾಲಿ ಮಾಡ್ಬಾರ್ದಲ್ಲ? ಮೊದಲು ನಾವು ತಂದ ನೀರು ಮನೆಯವರು ಕುಡೀಬೇಕು. ಆಮೇಲೆ ಅವರು ಕೊಟ್ಟದ್ದು ನಾವು ಕುಡಿಯುವುದು. ಅದೇ ಮರ್ಯಾದೆ."

ಅವಳು ಉಳಿದ ಲೋಟಗಳನ್ನೂ ಒಬ್ಬೊಬ್ಬರ ಮುಂದೆ ಇಟ್ಟಳು.

"ನಿಮ್ಮಲ್ಲಿ ನೀರಿಗೆ ಕಷ್ಟ ಅಂತ ನಮ್ಮ ಟೀಚರ್ ಹೇಳಿದ್ರು. ಅಮ್ಮ ಒಂದು ವಾರ ದಿನಾ ಒಂದೊಂದು ಚೊಂಬು ಎತ್ತಿಟ್ಟು ಈ ಕ್ಯಾನು ತುಂಬಿಸಿದ್ದು. ಬಸ್ಸಿನಲ್ಲಿ ಎಲ್ಲರೂ ತಮಾಷೆ ಮಾಡಿದ್ರು. ನಾನು ಕಾಲಿನ ನಡುವೆ ಇಟ್ಕೊಂಡು ಬಂದೆ."

ಹಿತ್ತಲಿನ ಕಪ್ಪು ಒದ್ದೆ ಗುರುತು ಶಿವಿಯ ಕಣ್ಣ ಮುಂದೆ ಬಂತು. ಒಂದು ವಾರದ ಚೊಂಬುಗಳೆಲ್ಲ ಆ ಮಣ್ಣಿನಲ್ಲಿ ಇಂಗಿಹೋಗಿದ್ದವು.

ಅಜ್ಜಿಯ ಮುಖದಲ್ಲಿ ಸಂಜೆಯಿಂದ ಕಟ್ಟಿಕೊಂಡಿದ್ದ ಗಂಟು ಬಿಚ್ಚಿತು. "ಅಯ್ಯೋ ನನ್ ಕಂದ," ಎಂದು ಲೋಟ ಎತ್ತಿ ಒಂದು ಗುಟುಕು ಕುಡಿದಳು.

ಕುಡಿದವಳು ಹಾಗೇ ತಡೆದಳು. ಲಾವಂಚ. ದಿನಾ ತನ್ನ ಕೈಯಾರೆ ಹಾಕುವ ಲಾವಂಚದ ವಾಸನೆ ಅಜ್ಜಿಗೆ ಗೊತ್ತಾಗುವುದಿಲ್ಲವೇ? ಅಜ್ಜಿ ಮೂಲೆಯ ಮಡಕೆಯನ್ನು ನೋಡಿದಳು. ಆಮೇಲೆ ಶಿವಿಯನ್ನು ನೋಡಿದಳು. ಶಿವಿ ತಟ್ಟೆಯಲ್ಲಿ ಏನೋ ಬರೆದಿದೆ ಎನ್ನುವಂತೆ ತಲೆ ಬಗ್ಗಿಸಿದಳು.

"ಸಿಹಿಯಾಗೈತೆ ಕಣಮ್ಮ," ಎಂದಳು ಅಜ್ಜಿ. "ನಿಮ್ಮಮ್ಮ ತಣ್ಣಗಿರ್ಲಿ."

ಅಮ್ಮನೂ ಕುಡಿದಳು. "ಅರೆ, ನಮ್ ಮನೆ ನೀರಿದ್ದಂಗೇ ಐತಲ್ಲತ್ತೆ?"

"ನೀರು ಅಂದ್ಮೇಲೆ ನೀರಿದ್ದಂಗೇ ಇರ್ತದೆ. ಸುಮ್ಕೆ ಉಣ್ಣು."

ಅಮ್ಮ ಪಾಪ, ಯಾಕೆ ಬೈಸಿಕೊಂಡೆ ಎಂದು ತಿಳಿಯದೆ ಮುದ್ದೆ ಮುರಿದಳು. ನಿಶ್ಮಿತಾ ತನ್ನ ಲೋಟ ಎತ್ತಿದಳು. ಅರ್ಧ ಕುಡಿದು ಕೆಳಗಿಟ್ಟಳು. ಲೋಟದೊಳಗೆ ಸ್ವಲ್ಪ ಹೊತ್ತು ನೋಡಿದಳು. ಮತ್ತೆ ಎತ್ತಿ ಪೂರ್ತಿ ಕುಡಿದು, "ಹೌದು, ಸಿಹಿ ಉಂಟು," ಎಂದಳು.

ಊಟವಾದ ಮೇಲೆ ಪಾತ್ರೆ ತಿಕ್ಕುವ ಕಡೆ ಅಜ್ಜಿ ಶಿವಿಯ ಕಿವಿ ಹಿಡಿದಳು. ಜೋರಾಗಿ ಹಿಂಡಲಿಲ್ಲ, ಹಿಡಿದಳು ಅಷ್ಟೆ.

"ಎಲ್ಲಿಗ್ ಸುರ್ದೆ?"

"ನೆಲಕ್ಕೆ."

"ಗಿಡಕ್ಕಾದ್ರೂ ಸುರೀಬಾರ್ದಾಗಿತ್ತಾ, ಮೂದೇವಿ?"

"ನಿನ್ ಚೊಂಬನ್ನ ಬೇಡ ಅಂದ್ಳಲ್ಲಜ್ಜಿ. ನಂಗೆ ಸಿಟ್ಟು ಬಂತು."

ಅಜ್ಜಿಯ ಕೈ ಕಿವಿಯಿಂದ ತಲೆಗೆ ಹೋಯಿತು. ಸ್ವಲ್ಪ ಹೊತ್ತು ಅಲ್ಲೇ ಇತ್ತು.

"ನಂಗೂ ಬೇಜಾರಾಗಿತ್ತು ಬುಡು. ಇಬ್ರೂ ದಡ್ರೇ. ಈಗ ಆ ಮಗೀಗೆ ಮಾತ್ರ ಇದು ಗೊತ್ತಾಗ್ಬಾರ್ದು. ಅಷ್ಟು ದೂರದಿಂದ ಹೊತ್ಕೊಂಡ್ ಬಂದವ್ಳೆ. ಎದೆ ಒಡ್ದೋಯ್ತದೆ ಅದ್ಕೆ. ಬಾಯ್ ಬುಟ್ಟೀಯ, ಜ್ವಾಕೆ."

ಶಿವಿ ತಲೆಯಾಡಿಸಿದಳು. ಆದರೆ ಬಾಯಿ ಮುಚ್ಚಿಕೊಂಡಷ್ಟೂ ಅದು ಒಳಗೆ ಚುಚ್ಚುತ್ತಲೇ ಇತ್ತು.

ಬೆಳಗ್ಗೆ ಇಬ್ಬರೂ ಊರ ಹಿಂದಿನ ಬಂಡೆ ಹತ್ತಿದರು. ಶಿವಿ ಅಂಗಡಿಯಿಂದ ಚಿಪ್ಸ್ ತಂದಿದ್ದಳು. ತಿಂದು ಮುಗಿದ ಮೇಲೆ ಖಾಲಿ ಪ್ಯಾಕೆಟ್ಟನ್ನು ಗಾಳಿಗೆ ಬಿಟ್ಟಳು. ನಿಶ್ಮಿತಾ ಓಡಿಹೋಗಿ ಅದನ್ನು ಹಿಡಿದು, ನಾಲ್ಕು ಮಡಿಕೆ ಮಾಡಿ ಫ್ರಾಕಿನ ಜೇಬಿಗೆ ಹಾಕಿಕೊಂಡಳು.

"ಅದ್ಯಾಕೆ?"

"ದೋಣಿಯಲ್ಲಿ ಬಂದದ್ದು ದೋಣಿಯಲ್ಲೇ ಹೋಗ್ಬೇಕು. ನಮ್ಮ ಕುದ್ರುವಿನ ರೂಲ್ಸ್. ಇಲ್ಲದಿದ್ರೆ ಕುದ್ರು ತುಂಬಿಹೋಗ್ತದೆ. ಅದಕ್ಕೆ ಅಮ್ಮ ಇಂಥದ್ದು ತರುವುದೇ ಕಮ್ಮಿ."

"ಇಲ್ಲಿ ದೋಣಿ ಎಲ್ಲೈತೆ?"

"ಹಾಗಾದ್ರೆ ಇಲ್ಲಿಯದ್ದು ಎಲ್ಲಿಗೆ ಹೋಗ್ತದೆ?"

ಶಿವಿ ಕೆಳಗೆ ನೋಡಿದಳು. ಬೇಲಿಯ ಜಾಲಿಗಿಡದ ಮುಳ್ಳುಗಳಲ್ಲಿ ಬಣ್ಣಬಣ್ಣದ ಕವರುಗಳು ಸಿಕ್ಕಿಕೊಂಡು ಪಟಪಟ ಅನ್ನುತ್ತಿದ್ದವು. ಅವು ಎಷ್ಟು ವರ್ಷದಿಂದ ಅಲ್ಲಿದ್ದವೋ, ಅವಳು ಯಾವತ್ತೂ ಅವನ್ನು ನೋಡಿಯೇ ಇರಲಿಲ್ಲ.

ನಿಶ್ಮಿತಾ ಈಗ ದೂರ ನೋಡುತ್ತಿದ್ದಳು. ಆಕಾಶ ಮುಟ್ಟುವವರೆಗೂ ನೀಲಿ ಪ್ಯಾನೆಲ್‌ಗಳು ಬಿಸಿಲಿಗೆ ಹೊಳೆಯುತ್ತಿದ್ದವು. ನಡುವೆ ಪುಟ್ಟದಾಗಿ ಊರು.

"ನಿಮ್ಮದೂ ಕುದ್ರುವೇ," ಎಂದಳು.

ಶಿವಿಗೆ ನಗು ಬರಲಿಲ್ಲ. "ನಿಂಗೊಂದು ಹೇಳ್ಬೇಕು," ಎಂದಳು.

"ನೀರಿನದ್ದಾ?"

ಶಿವಿ ತಿರುಗಿ ನೋಡಿದಳು.

"ನಮ್ಮ ನೀರಿಗೆ ಲಾವಂಚದ ಪರಿಮಳ ಎಲ್ಲಿಂದ ಬರ್ಬೇಕು?" ಎಂದಳು ನಿಶ್ಮಿತಾ. ಅವಳ ದನಿ ಸಣ್ಣದಾಗಿತ್ತು. "ನಂಗೆ ಅಳು ಬಂತು, ಗೊತ್ತುಂಟಾ? ಕೂಡಲೇ ಮುದ್ದೆ ಬಾಯಿಗೆ ಹಾಕ್ಕೊಂಡೆ, ಹಾಗಾಗಿ ಯಾರಿಗೂ ಗೊತ್ತಾಗ್ಲಿಲ್ಲ. ಯಾಕೆ ಹಾಗೆ ಮಾಡಿದ್ದು?"

ಶಿವಿ ಎಲ್ಲ ಹೇಳಿದಳು. ಜೀಪಿನವರು, ಅವರ ಬಾಟಲಿ, ಅಜ್ಜಿಯ ಚೊಂಬು, ಹಿಂದೆ ಬಂದ ಅಜ್ಜಿಯ ಕೈ. ಹೇಳುತ್ತ ಹೇಳುತ್ತ ಅವಳಿಗೇ ಅಳು ಬಂದುಬಿಟ್ಟಿತು. "ನಿಮ್ಮಮ್ಮ ಎತ್ತಿಟ್ಟ ನೀರು ಅಂತ ಗೊತ್ತಿದ್ರೆ ಸುರೀತಿರ್ಲಿಲ್ಲ ಕಣೆ. ದೇವ್ರಾಣೆ."

ನಿಶ್ಮಿತಾ ಬಂಡೆಯ ಮೇಲಿನ ಒಂದು ಕಲ್ಲುಚೂರನ್ನು ಉಗುರಿನಿಂದ ಕೆರೆಯುತ್ತ ಕೂತಳು.

"ಅಜ್ಜಿಗೆ ಅಷ್ಟು ಬೇಜಾರಾಯ್ತಾ? ನಾನು ಮರ್ಯಾದೆ ಅಂತ ಬೇಡ ಅಂದದ್ದು."

"ನಮ್ಮಲ್ಲಿ ಕುಡಿಯೋದು ಮರ್ಯಾದೆ."

ನಿಶ್ಮಿತಾ ಶಿವಿಯ ಕೈ ಹಿಡಿದು ಜಗ್ಗಿದಳು.

"ಒಂದು ಮಾತು ಕೊಡು. ನಂಗೆ ಗೊತ್ತಾಯ್ತು ಅಂತ ಅಜ್ಜಿಗೆ ಹೇಳ್ಬೇಡ. ಪಾಪ, ಅವರು ನಮ್ಮಮ್ಮನ ನೀರು ಅಂತ ನಂಬಿ ಎಷ್ಟು ಖುಷಿಯಲ್ಲಿ ಕುಡಿದ್ರು. ಸಿಹಿಯಾಗೈತೆ ಅಂದ್ರಲ್ಲ. ಅದು ಹಾಗೇ ಇರ್ಲಿ."

ಶಿವಿ ಬಾಯಿ ತೆರೆದಳು. ಅಜ್ಜಿ ನಂಬಿರಲಿಲ್ಲ, ಅಜ್ಜಿಗೆ ಮೊದಲ ಗುಟುಕಿಗೇ ಗೊತ್ತಾಗಿತ್ತು ಎಂದು ಹೇಳಬೇಕು ಅನ್ನಿಸಿತು. ನಿಶ್ಮಿತಾಳ ಮುಖ ನೋಡಿದಳು. "ಆಯ್ತು," ಎಂದಳು.

ಬಂಡೆ ಇಳಿದು ಮನೆಗೆ ಬಂದೊಡನೆ ನಿಶ್ಮಿತಾ ಬಾಗಿಲಲ್ಲೇ ನಿಂತು ಕೂಗಿದಳು. "ಅಜ್ಜೀ, ಬಾಯಾರಿಕೆ ಆಗ್ತದೆ. ನಿಮ್ಮ ಒಳ್ಳೇ ನೀರು ಕೊಡಿ."

ಅಜ್ಜಿ ಚೊಂಬು ತಂದಳು. ನಿಶ್ಮಿತಾ ಎತ್ತಿದ ಚೊಂಬನ್ನು ಇಳಿಸದೆ ಗಟಗಟ ಕುಡಿದಳು. ಗಲ್ಲದಿಂದ ಫ್ರಾಕಿನ ಮೇಲೆಲ್ಲ ನೀರು ಸೋರಿತು. ಹನಿ ನೀರಿಗೂ ಬೈಯುವ ಅಜ್ಜಿ ಅವತ್ತು ಒಂದು ಮಾತೂ ಆಡಲಿಲ್ಲ. ಸೆರಗಿನಿಂದ ಅವಳ ಬಾಯಿ ಒರೆಸಿ, "ಇನ್ನೊಂದ್ ಚೊಂಬು ತರ್ಲಾ?" ಎಂದಳು.

ಮರುದಿನ ಬಸ್ಸು ಹೊರಡುವಾಗ ಅಜ್ಜಿಯೂ ಸ್ಕೂಲಿನವರೆಗೆ ಬಂದಳು. ಎರಡು ಮೊಳ ಕನಕಾಂಬರ ಕಟ್ಟಿ ತಂದು ನಿಶ್ಮಿತಾಳ ಎರಡೂ ಜಡೆಗೆ ಮುಡಿಸಿದಳು. ಬಸ್ಸು ತಿರುವಿನಲ್ಲಿ ಮರೆಯಾಗುವವರೆಗೂ ಕಿಟಕಿಯಲ್ಲಿ ಒಂದು ಕೈ ಆಡುತ್ತಲೇ ಇತ್ತು.

ಅಜ್ಜಿ, ಮೊಮ್ಮಗಳು ಮನೆಯ ದಾರಿ ಹಿಡಿದರು. ಬಿಸಿಲಿಗೆ ಅಜ್ಜಿ ಸೆರಗನ್ನು ತಲೆಯ ಮೇಲೆ ಎಳೆದುಕೊಂಡಳು. ಏನೋ ಕೇಳಬೇಕೆಂದು ಎರಡು ಸಲ ಶಿವಿಯ ಕಡೆ ತಿರುಗಿ, ಎರಡು ಸಲವೂ ಸುಮ್ಮನಾದಳು. ಮೂರನೆಯ ಸಲ ಕೇಳಿಯೇಬಿಟ್ಟಳು.

"ಲೇ ಶಿವಿ, ಆ ನೀರಿಂದು ಆ ಮಗೀಗೆ ಗೊತ್ತಾಗ್ಲಿಲ್ಲ ತಾನೆ?"

ಶಿವಿ ಅಜ್ಜಿಯ ಮುಖ ನೋಡಿದಳು. ಎರಡು ದಿನದಿಂದ ಅಜ್ಜಿ ಇದೊಂದನ್ನೇ ಹೊಟ್ಟೆಯಲ್ಲಿಟ್ಟುಕೊಂಡು ಓಡಾಡಿದ್ದಾಳೆ ಎಂದು ಆಗ ತಿಳಿಯಿತು. ಬಸ್ಸಿನಲ್ಲಿ ಹೋದವಳೂ ಹಾಗೆಯೇ ಒಂದನ್ನು ಹೊಟ್ಟೆಯಲ್ಲಿಟ್ಟುಕೊಂಡು ಹೋಗಿದ್ದಳು.

"ಇಲ್ಲಜ್ಜಿ. ಏನೂ ಗೊತ್ತಾಗ್ಲಿಲ್ಲ."

"ಸದ್ಯ," ಎಂದಳು ಅಜ್ಜಿ. ಅವಳ ನಡಿಗೆ ಹಗುರವಾಯಿತು.

ಶಿವಿಯ ಬಾಯಲ್ಲಿ ಗುಟ್ಟು ನಿಲ್ಲುವುದಿಲ್ಲ ಎಂದು ಇಡೀ ಕ್ಲಾಸಿಗೆ ಗೊತ್ತು. ಆದರೆ ಮನೆ ಬರುವವರೆಗೂ ಅವಳು ಅಜ್ಜಿಯ ಕೈ ಹಿಡಿದು ಎಮ್ಮೆಯ ಕರುವಿನ ಮಾತನ್ನೇ ಆಡಿದಳು.